ಹಳೆಯ ಜೀಪಿನ ಆರೈಕೆ: ನಾವೇ ಮಾಡಬಹುದಾದುದು ಎಷ್ಟು, ಬಲ್ಲವರಿಗೆ ಬಿಡಬೇಕಾದುದು ಎಷ್ಟು?



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ಜೀಪುಗಳನ್ನು ಎಣಿಸಿದೆವು. ಏಳು ಇದ್ದವು. ಇಪ್ಪತ್ತು ವರ್ಷಕ್ಕಿಂತ ಕಿರಿಯದು ಒಂದೂ ಇರಲಿಲ್ಲ. ಗುರುನಿವಾಸದ ಜೀಪನ್ನೂ ಸೇರಿಸಿದರೆ ಎಂಟು, ಅದು ಇವೆಲ್ಲಕ್ಕಿಂತ ಹಿರಿಯ. ಅಡಿಕೆ ಗೋಣಿ, ಸೆಗಣಿ ಗೊಬ್ಬರ, ರಬ್ಬರ್ ಶೀಟು, ಹಸುವಿನ ಹಿಂಡಿ, ಮದುವೆಯ ಪಾತ್ರೆ, ಹೆರಿಗೆ ನೋವಿನ ಹೆಂಗಸು ಎಲ್ಲವನ್ನೂ ಹೊತ್ತ ಗಾಡಿಗಳಿವು.

ಈ ಅಂಕಣದಲ್ಲಿ ಇಷ್ಟರ ತನಕ ಅಡಿಕೆಯ ಕೊಳೆರೋಗ, ಹಸುವಿನ ಕೆಚ್ಚಲು ಬಾವು, ಮಕ್ಕಳ ಜಂತುಹುಳ ಮುಂತಾದುವುಗಳ ಬಗ್ಗೆ ಬರೆದಿದ್ದೇವೆ. ಜೀಪಿನ ವಿಷಯ ಕೃಷಿಗೆ ಸೇರಿದ್ದೋ ಆರೋಗ್ಯಕ್ಕೆ ಸೇರಿದ್ದೋ ಎಂದು ಕೆಲವರು ಕೇಳಬಹುದು. ಎರಡಕ್ಕೂ ಸೇರಿದ್ದು ಎಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ಅದನ್ನು ಮೊದಲು ಹೇಳಿ ಪಾಠಕ್ಕೆ ಬರುತ್ತೇವೆ.

ನಮ್ಮ ತಪ್ಪು

2018ರ ಜೂನ್ ತಿಂಗಳ ಒಂದು ರಾತ್ರಿ. ಗುಡ್ಡೆಯ ಮೇಲಿನ ಮನೆಯಿಂದ ಕರೆ ಬಂತು. ಮನೆಯ ಅಜ್ಜಿಗೆ ಉಸಿರು ಕಟ್ಟುತ್ತಿತ್ತು. ಆ ಮಣ್ಣಿನ ದಾರಿಗೆ ಆಂಬುಲೆನ್ಸ್ ಹತ್ತುವುದಿಲ್ಲ. ನಾವು ಜೀಪು ತೆಗೆದುಕೊಂಡು ಹೋದೆವು. ಅಜ್ಜಿಯನ್ನೂ ಸೊಸೆಯನ್ನೂ ಕೂರಿಸಿಕೊಂಡು ಇಳಿಜಾರು ಇಳಿಯುವಾಗ ಬ್ರೇಕಿನ ಪೆಡಲು ನೆಲಕ್ಕೆ ಹೋಯಿತು. ಎರಡನೇ ಸಲ ತುಳಿದರೂ ಏನೂ ಇಲ್ಲ. ಮೊದಲ ಗೇರಿನಲ್ಲಿದ್ದುದರಿಂದ ವೇಗ ಹೆಚ್ಚಿರಲಿಲ್ಲ. ಎಡಗಡೆಯ ಧರೆಗೆ ಜೀಪನ್ನು ಉಜ್ಜಿಸಿ ಹೇಗೋ ನಿಲ್ಲಿಸಿದೆವು. ಬಲಗಡೆ ಇದ್ದುದು ತೋಡು. ಅಜ್ಜಿಯನ್ನು ಬೇರೆಯವರ ಗಾಡಿಯಲ್ಲಿ ಕಾಸರಗೋಡಿಗೆ ಸಾಗಿಸಲಾಯಿತು, ಅವರು ಗುಣವಾಗಿ ಮನೆಗೆ ಬಂದರು. ಆದರೆ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಏಕೆಂದರೆ ಕಾರಣ ನಮಗೆ ಗೊತ್ತಿತ್ತು. ಎರಡು ವಾರಗಳಿಂದ ಹಿಂದಿನ ಎಡ ಚಕ್ರದ ಒಳಬದಿಯಲ್ಲಿ ಒದ್ದೆ ಕಾಣುತ್ತಿತ್ತು. ಬ್ರೇಕ್ ಎಣ್ಣೆಯ ಡಬ್ಬಿ ಇಳಿಯುತ್ತಿತ್ತು. ನಾವು ಎಣ್ಣೆ ತುಂಬಿಸುತ್ತಾ ಹೋದೆವೇ ಹೊರತು ಅದು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಲಿಲ್ಲ. ಚಕ್ರದೊಳಗಿನ ಸಿಲಿಂಡರಿನ ರಬ್ಬರ್ ವಾಶರ್ ಸವೆದಿತ್ತು. ಹಳೆಯ ಅನೇಕ ಜೀಪುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಎಣ್ಣೆಯ ದಾರಿ. ಒಂದು ಚಕ್ರದಲ್ಲಿ ಸೋರಿ ಖಾಲಿಯಾದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಕೆಲವೇ ರೂಪಾಯಿಯ ರಬ್ಬರಿಗಾಗಿ ಮೂರು ಜೀವ ತೋಡಿನ ಅಂಚಿಗೆ ಬಂದಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ ಎನ್ನುತ್ತಾರಲ್ಲ, ನಾವು ಉಗುರನ್ನೂ ಎತ್ತಿರಲಿಲ್ಲ.

ಜೀಪು ನಮ್ಮ ಊರಿಗೆ ಬಂದ ಬಗೆ

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಸಹೋದರರು ಮತ್ತು ಗುಲಾಂ ಮಹಮ್ಮದ್ ಸೇರಿ ಒಂದು ಕಂಪೆನಿ ಆರಂಭಿಸಿದರು. ದೇಶ ವಿಭಜನೆಯಾದಾಗ ಗುಲಾಂ ಮಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಉಳಿದ ಕಂಪೆನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರು ಪಡೆದು, ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಪೆಟ್ರೋಲಿನ ಜಾಗಕ್ಕೆ ಡೀಸೆಲ್ ಎಂಜಿನ್ ಬಂತು. ಬಸ್ಸು ಹೋಗದ ಕಡೆಗೆ ಟ್ರಿಪ್ ಜೀಪುಗಳು ಓಡಿದವು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಂದಡ್ಕ, ಪಾಣತ್ತೂರು ಕಡೆಯ ಏರುದಾರಿಗಳಲ್ಲಿ ಹಿಂಬದಿಯ ಕಬ್ಬಿಣಕ್ಕೆ ಜೋತುಬಿದ್ದು ಪೇಟೆಗೆ ಹೋದ ನೆನಪು ನಮ್ಮ ವಯಸ್ಸಿನವರಿಗೆಲ್ಲ ಇದೆ.

ಈ ಗಾಡಿಯ ದೊಡ್ಡ ಗುಣವೆಂದರೆ ಅದರ ಸರಳತೆ. ಕಂಪ್ಯೂಟರ್ ಇಲ್ಲ, ಮುಚ್ಚಿಟ್ಟ ಭಾಗಗಳಿಲ್ಲ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹಾಗಾಗಿ ಮಾಮೂಲಿ ಆರೈಕೆಯನ್ನು ರೈತನೇ ಮಾಡಿಕೊಳ್ಳಬಹುದು.

ವಾರಕ್ಕೊಮ್ಮೆ ಹತ್ತು ನಿಮಿಷ

ಶನಿವಾರ ಸಂಜೆ ಹತ್ತು ನಿಮಿಷ ಜೀಪಿಗೆ ಕೊಡಿ. ಎಂಜಿನ್ ತಣ್ಣಗಿರಬೇಕು, ಜೀಪು ಸಮತಟ್ಟಾದ ನೆಲದಲ್ಲಿರಬೇಕು.

1. ಎಂಜಿನ್ ಎಣ್ಣೆ: ಅಳತೆಯ ಕಡ್ಡಿಯನ್ನು ಎಳೆದು ಒರೆಸಿ, ಪುನಃ ಹಾಕಿ ನೋಡಿ. ಎರಡು ಗೆರೆಗಳ ನಡುವೆ ಇರಬೇಕು. ಎಣ್ಣೆ ಕಪ್ಪಾಗಿರುವುದು ಡೀಸೆಲ್ ಎಂಜಿನ್‌ನಲ್ಲಿ ಸಹಜ. ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಆಗ ಜೀಪು ಓಡಿಸಬೇಡಿ.

2. ರೇಡಿಯೇಟರ್: ಮುಚ್ಚಳ ತೆಗೆದು ನೀರು ನೋಡುವುದು ತಣ್ಣಗಿರುವಾಗ ಮಾತ್ರ. ಬಿಸಿ ಇರುವಾಗ ತೆಗೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಮುಂದಿನ ಜಾಲರಿಯಲ್ಲಿ ಸಿಕ್ಕ ಹುಲ್ಲು, ತರಗೆಲೆ, ಹುಳಗಳನ್ನು ಮೆದು ಬ್ರಷ್ಷಿನಿಂದ ತೆಗೆಯಿರಿ. ಏರುದಾರಿಯಲ್ಲಿ ಎಂಜಿನ್ ಕಾಯುವುದಕ್ಕೆ ಎಷ್ಟೋ ಸಲ ಇದೇ ಕಾರಣ.

3. ಫ್ಯಾನ್ ಬೆಲ್ಟ್: ಎಂಜಿನ್ ನಿಲ್ಲಿಸಿದ ಮೇಲೆ ಎರಡು ಚಕ್ರಗಳ ನಡುವೆ ಹೆಬ್ಬೆರಳಿನಿಂದ ಒತ್ತಿ. ಸುಮಾರು ಅರ್ಧ ಅಂಗುಲ ತಗ್ಗಬೇಕು. ಹೆಚ್ಚು ಸಡಿಲವಾದರೆ ಎಂಜಿನ್ ಕಾಯುತ್ತದೆ, ಬ್ಯಾಟರಿ ತುಂಬುವುದಿಲ್ಲ. ಹೆಚ್ಚು ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಒಳಬದಿಯಲ್ಲಿ ಬಿರುಕು ಕಂಡರೆ ಬದಲಾಯಿಸಿ, ಹಳೆಯದನ್ನು ಸೀಟಿನ ಅಡಿಯಲ್ಲಿ ಆಪತ್ತಿಗೆ ಇಟ್ಟುಕೊಳ್ಳಿ.

4. ಬ್ರೇಕ್ ಎಣ್ಣೆ: ಡಬ್ಬಿಯಲ್ಲಿ ಎಷ್ಟಿದೆ ನೋಡಿ. ಇಳಿಯುತ್ತಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ನಾಲ್ಕೂ ಚಕ್ರಗಳ ಒಳಬದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಒದ್ದೆ ಇದ್ದರೆ ಜೀಪನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸಿ. ಈ ಡಬ್ಬಿಗೆ ಎಂಜಿನ್ ಎಣ್ಣೆಯನ್ನಾಗಲಿ ಬೇರಾವ ಎಣ್ಣೆಯನ್ನಾಗಲಿ ಹಾಕಲೇಬಾರದು. ರಬ್ಬರ್ ಊದಿ ಇಡೀ ಬ್ರೇಕು ಕೆಡುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ನಮ್ಮಂಥ ಮಳೆಯ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುವುದು ಒಳ್ಳೆಯದು.

5. ಬ್ಯಾಟರಿ: ತಟ್ಟೆಗಳು ಮುಳುಗುವಷ್ಟು ಶುದ್ಧೀಕರಿಸಿದ ನೀರು ಇರಬೇಕು. ಬಾವಿಯ ನೀರು ಬೇಡ. ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಮೊದಲು ಋಣ ತಂತಿಯನ್ನು ಕಳಚಿ, ಅಡುಗೆ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ವ್ಯಾಸಲೀನ್ ಹಚ್ಚಿ. ಜೋಡಿಸುವಾಗ ಋಣ ತಂತಿ ಕೊನೆಗೆ. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸಿಗೆ ಏರದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಚಾರ್ಜ್ ಮಾಡುವ ಭಾಗದ್ದು. ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಇದನ್ನು ಪರೀಕ್ಷಿಸಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

6. ಟಯರು: ನಾಲ್ಕರ ಜೊತೆ ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಸ್ಟೆಪ್ನಿ ಬೇಕಾಗುವುದು ಯಾವಾಗಲೂ ಮಳೆಯಲ್ಲಿ, ರಾತ್ರಿಯಲ್ಲಿ, ಏರಿನಲ್ಲಿ.

ಮಳೆಗಾಲದ ಮುಂಚೆ, ಮಳೆಗಾಲದ ನಂತರ

ತೋಟಕ್ಕೆ ಮದ್ದು ಬಿಡುವ ಮುಂಚೆ ನಾವು ಬೋರ್ಡೋ ದ್ರಾವಣಕ್ಕೆ ಹೊಳೆಯುವ ಚೂರಿಯನ್ನು ಅದ್ದಿ ನೋಡುತ್ತೇವಲ್ಲ? ಚೂರಿಯ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದು ತಿಳಿಯುತ್ತದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ತಿಂದ ಜಾಗದಲ್ಲಿ ತಾಮ್ರವನ್ನು ಬಿಡುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಅದೇ ಮೈಲುತುತ್ತಿನ ಚೀಲವನ್ನು ಜೀಪಿನ ಹಿಂಬದಿಯಲ್ಲಿ ಎಸೆದು ತರುತ್ತೇವೆ, ಚೆಲ್ಲಿದ್ದನ್ನು ಹಾಗೇ ಬಿಡುತ್ತೇವೆ. ಪೊಟ್ಯಾಷ್, ಯೂರಿಯ, ಉಪ್ಪು, ಹಸಿ ಸೆಗಣಿಯ ಕತೆಯೂ ಇದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಳದ ತಗಡು ಜರಡಿಯಾಗಿರುತ್ತದೆ. ಗೊಬ್ಬರ ಮತ್ತು ಮದ್ದನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿಟ್ಟು ತನ್ನಿ. ಚೆಲ್ಲಿದರೆ ಅದೇ ದಿನ ನೀರು ಬಿಟ್ಟು ತೊಳೆಯಿರಿ. ತಳದಲ್ಲಿರುವ ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ. ಮದ್ದಿನ ಡಬ್ಬಿಗಳನ್ನು ತಂದ ಜಾಗದಲ್ಲಿ ತೊಳೆಯದೆ ಮಕ್ಕಳನ್ನು ಕೂರಿಸಬೇಡಿ. ಗಾಳಿಯಲ್ಲಿ ಸಿಂಪಡಿಸಿದ ಎಂಡೋಸಲ್ಫಾನ್ ಏನು ಮಾಡಿತೆಂದು ಕಂಡ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೇ ತಿಂಗಳಲ್ಲಿ ಜೀಪಿನ ಅಡಿಯನ್ನು ತೊಳೆದು ಒಣಗಿಸಿ. ತುಕ್ಕು ಹಿಡಿದಲ್ಲಿ ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚಿ. ತುಕ್ಕಿನ ಮೇಲೆಯೇ ಬಣ್ಣ ಹಚ್ಚುವುದು ಹುಣ್ಣನ್ನು ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಗ್ರೀಸ್ ಗನ್ ಒಂದನ್ನು ಕೊಂಡುಕೊಳ್ಳಿ. ಜೋಡಣೆಗಳ ಮೇಲಿರುವ ಪುಟ್ಟ ನಿಪ್ಪಲ್‌ಗಳ ಮಣ್ಣನ್ನು ಒರೆಸಿ ಗ್ರೀಸ್ ಒತ್ತಿ. ಶಾಫ್ಟಿನ ಕ್ರಾಸ್, ಸ್ಟಿಯರಿಂಗಿನ ಕಡ್ಡಿಗಳ ಕೀಲು, ಪಟ್ಟೆಯ ಶ್ಯಾಕಲ್ ಒಂದನ್ನೂ ಮರೆಯಬೇಡಿ. ಹಳೆಯ ಕೊಳಕು ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಒತ್ತಬೇಕು. ತೋಡು ದಾಟಿದ ವಾರ ಪುನಃ ಒತ್ತಬೇಕು. ಪಟ್ಟೆ ಒಡೆದಿದೆಯೇ, ಯು-ಬೋಲ್ಟ್ ಸಡಿಲವಾಗಿದೆಯೇ ಎಂದೂ ಅದೇ ಹೊತ್ತಿಗೆ ನೋಡಿ.

ಓಡಿ ಬಿಸಿಯಾದ ಜೀಪನ್ನು ತಣ್ಣೀರಿನ ತೋಡಿಗೆ ಇಳಿಸಿದಾಗ ಚಕ್ರಗಳ ನಡುವಿನ ಹೌಸಿಂಗ್ ಥಟ್ಟನೆ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಒಳಕ್ಕೆ ಎಳೆಯುತ್ತದೆ. ಹೌಸಿಂಗಿನ ಮೇಲಿರುವ ಉಸಿರಾಟದ ಪುಟ್ಟ ಮುಚ್ಚಳ ಮಣ್ಣಿನಿಂದ ಕಟ್ಟಿಹೋಗಿದ್ದರೆ ಇದು ಇನ್ನೂ ಹೆಚ್ಚು. ಅದನ್ನು ತೆಗೆದು ಸ್ವಚ್ಛಗೊಳಿಸುವುದು ಐದು ನಿಮಿಷದ ಕೆಲಸ. ಮಳೆಗಾಲ ಮುಗಿದ ಮೇಲೆ ಬದಿಯ ಬೋಲ್ಟ್ ಬಿಚ್ಚಿ ಎಣ್ಣೆಯ ಬಣ್ಣ ನೋಡಿ. ಬೆಳ್ಳಗಾಗಿದ್ದರೆ ಪೂರ್ತಿ ಬದಲಾಯಿಸಿ.

ಇನ್ನೊಂದು ಮಾತು. ನೀರಿನ ನಡುವೆ ಎಂಜಿನ್ ನಿಂತರೆ ಪುನಃ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ. ಒಳಗಿನ ಕಡ್ಡಿಯೇ ಬಾಗುತ್ತದೆ. ಹಗ್ಗ ಕಟ್ಟಿ ಎಳೆಯಿರಿ.

ಗಾಳಿ ಹಿಡಿದ ಡೀಸೆಲ್

2020ರ ಮಾರ್ಚ್ ತಿಂಗಳನ್ನು ನಾವ್ಯಾರೂ ಮರೆತಿಲ್ಲ. ಲಾಕ್‌ಡೌನ್ ಬಂತು, ತಲಪಾಡಿಯ ಗಡಿ ಮುಚ್ಚಿತು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಡಬಾರದ ಪಾಡು ಪಟ್ಟರು. ಅದೇ ವಾರ ನಮ್ಮ ಜೀಪು ಸ್ಟಾರ್ಟ್ ಆಗಲಿಲ್ಲ. ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಕೆಲಸದಿಂದ ನಿವೃತ್ತರಾದ ಹಳೆಯ ಮೆಕ್ಯಾನಿಕರೊಬ್ಬರಿಗೆ ಫೋನು ಮಾಡಿದೆವು.

"ಫಾದರೇ, ಟ್ಯಾಂಕು ಖಾಲಿ ಮಾಡಿದ್ದಿರಾ?" ಎಂದು ಕೇಳಿದರು.

"ಹೌದು, ಪೂರ್ತಿ ಮುಗಿದಿತ್ತು. ಈಗ ಕ್ಯಾನಿನಲ್ಲಿ ತಂದು ಹಾಕಿದೆವು."

"ಹಾಗಾದರೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೊಲ್ಲಬೇಡಿ. ಪೈಪಿನಲ್ಲಿ ಗಾಳಿ ಸಿಕ್ಕಿದೆ. ಅದನ್ನು ಹೊರಗೆ ಬಿಡಿ, ಅಷ್ಟೆ."

ಅವರು ಹೇಳಿದಂತೆ ಮಾಡಿದೆವು. ಡೀಸೆಲ್ ಫಿಲ್ಟರಿನ ಮೇಲಿರುವ ಸಣ್ಣ ಬೋಲ್ಟನ್ನು ಸ್ವಲ್ಪ ಸಡಿಲಿಸಬೇಕು. ಕೈಯಿಂದ ಒತ್ತುವ ಪಂಪನ್ನು ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಶುದ್ಧ ಡೀಸೆಲ್. ಗುಳ್ಳೆ ಪೂರ್ತಿ ನಿಂತಾಗ ಒತ್ತುತ್ತಿರುವಂತೆಯೇ ಬೋಲ್ಟನ್ನು ಬಿಗಿಯಬೇಕು. ಚೆಲ್ಲಿದ್ದನ್ನು ಒರೆಸಿ ಸ್ಟಾರ್ಟ್ ಮಾಡಬೇಕು. ಒಂದು ಸ್ಪಾನರು, ಒಂದು ಬಟ್ಟೆ, ಹದಿನೈದು ನಿಮಿಷ. ಇಷ್ಟು ವರ್ಷ ಇದಕ್ಕಾಗಿ ನಾವು ಪೇಟೆಯಿಂದ ಜನ ಕರೆಸುತ್ತಿದ್ದೆವು.

ಆಗಾಗ ಗಾಳಿ ಹಿಡಿಯುತ್ತಿದ್ದರೆ ಪೈಪಿನ ಜೋಡಣೆಯಲ್ಲಿ ಎಲ್ಲೋ ಸಡಿಲವಿದೆ ಎಂದು ತಿಳಿಯಿರಿ. ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇದ್ದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಡಿ. ಅರ್ಧ ಖಾಲಿ ಟ್ಯಾಂಕಿನ ಗಾಳಿಯ ತೇವ ನೀರಾಗಿ ತಳಕ್ಕೆ ಇಳಿಯುವುದರಿಂದ ಮಳೆಗಾಲದಲ್ಲಿ ಟ್ಯಾಂಕು ಆದಷ್ಟು ತುಂಬಿರಲಿ.

ಗಾಳಿಯ ಫಿಲ್ಟರನ್ನೂ ಮರೆಯಬೇಡಿ. ಹಳೆಯ ಜೀಪುಗಳಲ್ಲಿ ಎಣ್ಣೆಯ ಬಟ್ಟಲಿನ ಫಿಲ್ಟರು ಇರುತ್ತದೆ. ಕೆಂಪು ಧೂಳು ಕೆಸರಾಗಿ ಕೂತಿರುವ ಎಣ್ಣೆಯನ್ನು ಚೆಲ್ಲದೆ ತೆಗೆದು, ಬಟ್ಟಲನ್ನು ತೊಳೆದು, ಗೆರೆಯ ತನಕ ಮಾತ್ರ ಹೊಸ ಎಣ್ಣೆ ಹಾಕಿ. ಹೆಚ್ಚು ಹಾಕಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಉರಿಸಿ, ಕೀಲಿ ತೆಗೆದರೂ ನಿಲ್ಲದೆ ಹುಚ್ಚಾಗಿ ಓಡುವ ಅಪಾಯವಿದೆ.

ಫೋರ್ ವೀಲ್ ಯಾವಾಗ?

ಜೀಪಿನ ಫೋರ್ ವೀಲ್ ಕೆಸರಿಗೆ, ಮರಳಿಗೆ, ಜಾರುವ ಏರಿಗೆ ಇರುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಮರಿನಲ್ಲಿ ಜಾರಲು ಆಗದೆ ಗೇರು, ಶಾಫ್ಟು, ಕ್ರಾಸುಗಳೆಲ್ಲ ಒಂದನ್ನೊಂದು ಹಿಂಡುತ್ತವೆ. ಆದ್ದರಿಂದ ಡಾಮರು ರಸ್ತೆಗೆ ಬಂದೊಡನೆ ಟು ವೀಲಿಗೆ ಹಾಕಿ. ಲೋ ಗೇರಿನ ಕೋಲನ್ನು ಜೀಪು ನಿಂತಿರುವಾಗಲೇ ಹಾಕಬೇಕು. ವರ್ಷವಿಡೀ ಬಳಸದಿದ್ದರೆ ಕೋಲು ಗಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ನಾಲ್ಕು ಮಾರು ಓಡಿಸಿ.

ಜಾಕಿ: ಇಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಆಗದು

ಈ ಭಾಗವನ್ನು ಮನೆಯ ಗಂಡುಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ.

ಹಳೆಯ ಅನೇಕ ಜೀಪುಗಳ ಹ್ಯಾಂಡ್‌ಬ್ರೇಕು ಚಕ್ರಕ್ಕೆ ಹಿಡಿಯುವುದಲ್ಲ, ಗೇರ್‌ಪೆಟ್ಟಿಗೆಯ ಹಿಂದೆ ಶಾಫ್ಟಿಗೆ ಹಿಡಿಯುವುದು. ನೀವು ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದಿರಿ ಎನ್ನೋಣ. ಶಾಫ್ಟು ನಿಂತೇ ಇದ್ದರೂ ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗಬಲ್ಲದು, ಆಗ ನೆಲದಲ್ಲಿರುವ ಇನ್ನೊಂದು ಚಕ್ರ ಮುಂದಕ್ಕೆ ಉರುಳಬಲ್ಲದು. ಅಂದರೆ ಹ್ಯಾಂಡ್‌ಬ್ರೇಕು ಎಳೆದಿದ್ದರೂ ಜೀಪು ಉರುಳುತ್ತದೆ! ಗೇರಿನಲ್ಲಿ ನಿಲ್ಲಿಸಿದರೂ ಅಷ್ಟೆ. ಹಾಗಾಗಿ:

• ಸಮತಟ್ಟಾದ ಜಾಗದಲ್ಲಿ ಮಾತ್ರ ಎತ್ತಿ. ಫೋರ್ ವೀಲ್ ಹಾಕಿ ಗೇರಿನಲ್ಲಿ ನಿಲ್ಲಿಸಿ.

• ನೆಲದಲ್ಲಿರುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ತುಂಡು ಅಡ್ಡ ಕೊಡಿ.

• ಮಳೆಗೆ ನೆನೆದ ಮಣ್ಣಿನಲ್ಲಿ ಜಾಕಿ ಹೂತುಹೋಗುತ್ತದೆ. ಅಡಿಗೆ ದಪ್ಪ ಹಲಗೆ ಇಡಿ.

• ಜಾಕಿ ಎತ್ತಲಿಕ್ಕೆ ಮಾತ್ರ, ಹಿಡಿದು ನಿಲ್ಲಿಸಲಿಕ್ಕೆ ಅಲ್ಲ. ಅಡಿಗೆ ಹೋಗುವುದಾದರೆ ಕಬ್ಬಿಣದ ಸ್ಟ್ಯಾಂಡು ಬೇಕೇ ಬೇಕು. ಕೆಂಪುಕಲ್ಲನ್ನು ಪೇರಿಸಿ ಅದರ ಮೇಲೆ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿದೆ. ಗೋಡೆಯಲ್ಲಿ ಭಾರ ಹೊರುವ ಕಲ್ಲು ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಈ ಅಭ್ಯಾಸವನ್ನು ಇಂದೇ ಬಿಡಿ.

• ಒಬ್ಬರೇ ಇರುವಾಗ ಅಡಿಗೆ ಹೋಗಬೇಡಿ.

ಆರೋಗ್ಯದ ಆರು ಮಾತು

ಡೀಸೆಲ್ ಎಳೆಯುವುದು: ಪೈಪಿಗೆ ಬಾಯಿ ಇಟ್ಟು ಡೀಸೆಲ್ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಸಾಕು, ನ್ಯುಮೋನಿಯದಂತಹ ಬಾವು ಬರುತ್ತದೆ. ಯಾರಾದರೂ ನುಂಗಿದರೆ, ಮಕ್ಕಳು ಸೀಮೆಎಣ್ಣೆ ಕುಡಿದರೂ ಸಹ, ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಹೋಗುವ ಸಂಭವ ಹೆಚ್ಚು. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಪಂಪಿರುವ ಪೈಪು ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಹಳೆ ಎಂಜಿನ್ ಎಣ್ಣೆ: ಇದರಲ್ಲಿ ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳಿವೆ. ಕೈಗೆ ಗ್ಲೌಸ್ ಹಾಕಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ತೊಳೆಯಿರಿ. ಎಣ್ಣೆಬಟ್ಟೆಯನ್ನು ಕಿಸೆಯಲ್ಲಿ ಇಡಬೇಡಿ. ಹಸುವಿನ ಹುಣ್ಣಿಗೆ ಹಚ್ಚಬೇಡಿ. ಗುಡ್ಡೆಯ ಮೇಲೆ ಚೆಲ್ಲಬೇಡಿ. ಬಾಯಾರು, ಎಣ್ಮಕಜೆ ಕಡೆ ನಾವು ಕುಡಿಯುವುದು ಗುಡ್ಡೆಯನ್ನು ಕೊರೆದ ಸುರಂಗದ ನೀರು. ಮೇಲೆ ಚೆಲ್ಲಿದ್ದು ಕೆಳಗೆ ಕೊಡಕ್ಕೆ ಬರುತ್ತದೆ. ಕ್ಯಾನಿನಲ್ಲಿ ತುಂಬಿಸಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಬ್ರೇಕಿನ ಧೂಳು: ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ಬಿಚ್ಚಿದಾಗ ಬಾಯಿಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಬ್ಯಾಟರಿಯ ಆಮ್ಲ: ಕಣ್ಣಿಗೆ ಹಾರಿದರೆ ಕನಿಷ್ಠ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಿ. ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯುವಂಥದ್ದು. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಹೊಗೆ: ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಏರಿನಲ್ಲಿ ಒಂದಿಷ್ಟು ಕಪ್ಪು ಹೊಗೆ ಸಹಜ. ಸದಾ ಕಪ್ಪು ಹೊಗೆ ಬರುತ್ತಿದ್ದರೆ ಗಾಳಿಯ ಫಿಲ್ಟರನ್ನು ಮೊದಲು ನೋಡಿ.

ಇಲಿಜ್ವರ ಮತ್ತು ಧನುರ್ವಾಯು: ಶೆಡ್ಡಿನಲ್ಲಿ ನಿಂತ ಜೀಪಿನೊಳಗೆ ಇಲಿ ಗೂಡು ಕಟ್ಟುತ್ತದೆ, ವೈರು ಕಡಿಯುತ್ತದೆ. ಅದರ ಮೂತ್ರ ಬೆರೆತ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡಿದರೆ ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರದ ರೋಗಾಣು ಒಳಹೋಗುತ್ತದೆ. ಗಂಬೂಟು ಹಾಕಿ. ಮಳೆಗಾಲದಲ್ಲಿ ಕೆಸರಿನಲ್ಲಿ ದುಡಿಯುವವರಿಗೆ ಮುನ್ನೆಚ್ಚರಿಕೆಯ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತದೆ, ಅಲ್ಲಿ ವಿಚಾರಿಸಿ. ತುಕ್ಕಿನ ತಗಡು ತಾಗಿ ಗಾಯವಾದರೆ ಸಾಬೂನು ನೀರಿನಿಂದ ತೊಳೆದು ಚುಚ್ಚುಮದ್ದಿನ ಬಗ್ಗೆ ಕೇಳಿ.

ಬಲ್ಲವರಿಗೆ ಬಿಡಿ

ಕೆಲವು ಕೆಲಸಗಳನ್ನು ಮನೆಯಲ್ಲಿ ಮಾಡಲೇಬಾರದು. ಬ್ರೇಕಿನ ಸಿಲಿಂಡರು ಬಿಚ್ಚುವುದು, ಸ್ಟಿಯರಿಂಗಿನ ಪೆಟ್ಟಿಗೆ, ಡೀಸೆಲ್ ಪಂಪಿನ ಹೊಂದಾಣಿಕೆ, ಟ್ಯಾಂಕಿನ ವೆಲ್ಡಿಂಗ್ ಇಂಥವು. ಖಾಲಿ ಟ್ಯಾಂಕಿನಲ್ಲಿ ಏನೂ ಇಲ್ಲವೆಂದು ತಿಳಿಯಬೇಡಿ, ಒಳಗಿನ ಆವಿಗೆ ಕಿಡಿ ತಾಗಿದರೆ ಅದು ಬಾಂಬಿನಂತೆ ಸಿಡಿಯಬಹುದು. ಎಂಜಿನ್ ಓಡುವಾಗ ಇಂಜೆಕ್ಟರ್ ಬಳಿ ಡೀಸೆಲ್ ಚಿಮ್ಮುತ್ತಿದ್ದರೆ ಬೆರಳಿಟ್ಟು ನೋಡಬೇಡಿ. ಆ ಒತ್ತಡದ ಎಳೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗಿನಿಂದ ಸೂಜಿಯ ಗಾಯದಂತೆ ಕಂಡರೂ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಹಾಗಾದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಓಡಿ.

ಆದರೆ ಬಲ್ಲವರಿಗೆ ಬಿಟ್ಟ ಮಾತ್ರಕ್ಕೆ ನಮ್ಮ ಜವಾಬ್ದಾರಿ ಮುಗಿಯಲಿಲ್ಲ. ಸೋರಿಕೆಯನ್ನು ಕಾಣುವುದು ಮನೆಯವರ ಕೆಲಸ, ಅದನ್ನು ಸರಿಪಡಿಸುವುದು ಮೆಕ್ಯಾನಿಕನ ಕೆಲಸ. ನಾವು 2018ರಲ್ಲಿ ತಪ್ಪಿದ್ದು ಸರಿಪಡಿಸುವುದರಲ್ಲಿ ಅಲ್ಲ. ಕಂಡೂ ಮುಂದಕ್ಕೆ ಹಾಕಿದ್ದರಲ್ಲಿ.

ಒಂದು ಪುಸ್ತಕ, ಒಂದು ಲೆಕ್ಕ

ಸೀಟಿನ ಅಡಿಯಲ್ಲಿ ಒಂದು ಸಣ್ಣ ನೋಟುಪುಸ್ತಕ ಇಡಿ. ಎಣ್ಣೆ ಬದಲಿಸಿದ ದಿನ, ಓಡಿದ ಕಿಲೋಮೀಟರು, ಗ್ರೀಸ್ ಒತ್ತಿದ ದಿನ, ಹಾಕಿದ ಬಿಡಿಭಾಗ, ಕೊಟ್ಟ ಹಣ ಎಲ್ಲವನ್ನೂ ಬರೆಯಿರಿ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಜೀಪನ್ನು ಉಳಿಸಿಕೊಳ್ಳುವುದು ಲಾಭವೋ ಮಾರುವುದು ಲಾಭವೋ ತಿಳಿಯುತ್ತದೆ. ಹಳೆಯದೆಂಬ ಮೋಹವೂ ಬೇಡ, ಹೊಸದೆಂಬ ಆಸೆಯೂ ಬೇಡ, ಲೆಕ್ಕ ಹೇಳಲಿ. ಛಾಸಿಯೇ ತುಕ್ಕು ತಿಂದು ಸುತ್ತಿಗೆಯ ಪೆಟ್ಟಿಗೆ ತೂತಾಗುತ್ತಿದ್ದರೆ, ಎಷ್ಟೇ ಪ್ರೀತಿಯ ಜೀಪಾದರೂ, ಅದರಲ್ಲಿ ಮಕ್ಕಳನ್ನು ಕೂರಿಸಬೇಡಿ.

ಕಾಗದಪತ್ರವೂ ಆರೈಕೆಯ ಒಂದು ಭಾಗ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಮೆ, ಹೊಗೆ ಪ್ರಮಾಣಪತ್ರ ಇಲ್ಲದ ಜೀಪಿನಲ್ಲಿ ನೆರೆಯವರನ್ನು ಕೂರಿಸಿಕೊಂಡು ಹೋಗಿ ಅಪಘಾತವಾದರೆ ಪರಿಹಾರದ ಹೊರೆ ತೋಟದ ಮೇಲೆ ಬೀಳುತ್ತದೆ. ಅರ್ಜಿ ತುಂಬಲು ಭಾಷೆಯ ತೊಡಕಿರುವವರು ಭಾನುವಾರ ಪೂಜೆಯ ನಂತರ ಕಚೇರಿಗೆ ಬನ್ನಿ, ಯುವಕರು ಸಹಾಯ ಮಾಡುತ್ತಾರೆ.

ಮನೆಯಲ್ಲಿ ಕುಳಿತು ಯೋಚಿಸಿ

1. ನಮ್ಮ ಜೀಪಿನಲ್ಲಿ ಈಗ ಎಲ್ಲಾದರೂ ಸೋರುತ್ತಿದೆಯೇ? ಎಷ್ಟು ದಿನಗಳಿಂದ?

2. ಜೀಪಿನ ಅಡಿಗೆ ಹೋಗುವಾಗ ನಾವು ಇದುವರೆಗೆ ಯಾವುದರ ಮೇಲೆ ಭಾರ ಬಿಟ್ಟಿದ್ದೇವೆ?

3. ಹಳೆ ಎಣ್ಣೆ ಎಲ್ಲಿಗೆ ಹೋಗುತ್ತಿದೆ? ನಮ್ಮ ಕುಡಿಯುವ ನೀರು ಎಲ್ಲಿಂದ ಬರುತ್ತಿದೆ?

4. ಮನೆಯಲ್ಲಿ ಒಬ್ಬರಿಗಾದರೂ, ಹೆಣ್ಣುಮಕ್ಕಳಿಗೂ ಸಹ, ಟಯರು ಬದಲಿಸಲು ಬರುತ್ತದೆಯೇ?

ಆ ಅಜ್ಜಿ ಈಗ ಇಲ್ಲ. ಮೂರು ವರ್ಷದ ನಂತರ ತಮ್ಮ ಮನೆಯಲ್ಲೇ, ಮಕ್ಕಳ ನಡುವೆ ಶಾಂತವಾಗಿ ಕಣ್ಣುಮುಚ್ಚಿದರು. ಅದಕ್ಕೂ ಮುಂಚೆ ಎಷ್ಟೋ ಸಲ ನಮ್ಮ ಜೀಪು ಹತ್ತುವಾಗ ನಗುತ್ತಾ, "ಫಾದರೇ, ಬ್ರೇಕು ನೋಡಿದ್ದೀರಲ್ಲ?" ಎಂದು ಕೇಳುತ್ತಿದ್ದರು. ನಾವು ಈಗಲೂ ಕೀಲಿ ತಿರುಗಿಸುವ ಮುಂಚೆ ಪೆಡಲನ್ನು ಒಮ್ಮೆ ತುಳಿದು ನೋಡುತ್ತೇವೆ. ನೀವೂ ಹಾಗೆ ಮಾಡಿರಿ.